ಇಸ್ತ್ರಿ ಚಿಕ್ಕಮ್ಮನ ಹಲ್ಲಿನ ಸೆಟ್ಟು

ಇಸ್ತ್ರಿ ಅಂಗಡಿಯ ಚಿಕ್ಕಮ್ಮನಿಗೆ ಕೋಪ ಮೂಗಿನ ತುದಿಯಲ್ಲಿ, ಜಂಬವೆಲ್ಲ ಹಲ್ಲಿನಲ್ಲಿ. ಅರವತ್ತರ ಹತ್ತಿರ ಬಂದರೂ ಎಂಥ ಸಾಲು ಹಲ್ಲು ಎಂದು ಬೀದಿಯ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. "ಉಪ್ಪು ಹಾಕಿ ಉಜ್ಜಿ, ನಿಮಗೂ ಬರುತ್ತೆ" ಎಂದು ಅವಳು ಕೆಂಡದ ಇಸ್ತ್ರಿಪೆಟ್ಟಿಗೆ ಒತ್ತುತ್ತಲೇ ರೈಲು ಬಿಡುತ್ತಿದ್ದಳು. ಆ ಹಲ್ಲುಗಳಲ್ಲಿ ಒಂದೂ ಅವಳದಲ್ಲ, ಎಲ್ಲ ಕಟ್ಟಿಸಿಕೊಂಡದ್ದು. ಒಂದೇ ಕೋಣೆಯಲ್ಲಿ ಮಲಗುವ ಸ್ವಂತ ತಂಗಿಗೂ ಆ ಗುಟ್ಟು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸೆಟ್ಟು ಮಾಡಿಕೊಟ್ಟ ಹಲ್ಲಿನ ಡಾಕ್ಟರನಿಗೆ ಮಾತ್ರ.

ಡಾಕ್ಟರ ಅವಳ ಮಹಡಿಯ ಬಾಡಿಗೆಯವನು, ಹೊರದೇಶದವನು. ತಲೆಗೂದಲು ಕಪ್ಪಗಿದ್ದಾಗ ಬಂದು ಇಲ್ಲೇ ನರೆತವನು. ಯುದ್ಧ ಶುರುವಾಯಿತು ನೋಡಿ, ಅವನ ದೇಶ ಶತ್ರುದೇಶವಾಯಿತು, ಊರಿನ ಬಾಯಲ್ಲಿ ಅವನು 'ಆ ಮನುಷ್ಯ' ಆದ. ಕಾಲಲ್ಲಿ ತುಳಿದು ತಿರುಗಿಸುವ ಅವನ ಹಲ್ಲು ಕೊರೆಯುವ ಯಂತ್ರದ ಗುಂಯ್ ಸದ್ದು ಊರಿನ ಕಿವಿಗೆ ಶತ್ರುಗಳಿಗೆ ಸುದ್ದಿ ಕಳಿಸುವ ವೈರ್‌ಲೆಸ್ ಆಗಿಬಿಟ್ಟಿತು. ಜನರ ಬುದ್ಧಿಗೇನು ಬಡಿದಿತ್ತೋ! ಬ್ರೆಡ್ ಅಂಗಡಿಯವನು ಅವನಿಗೆ ಬ್ರೆಡ್ ಕೊಡುವುದನ್ನು ನಿಲ್ಲಿಸಿದ. ಚಿಕ್ಕಮ್ಮ ತನ್ನ ಪಾಲಿನಲ್ಲಿ ಅರ್ಧ ಮುರಿದು ಮೇಲೆ ಕಳಿಸಿದಳು.

ಭಾನುವಾರ ಶಾಲೆಯ ಹಾಲ್‌ನಲ್ಲಿ ಸಭೆ ಸೇರಿತು. ಊರು ಬೇಡವೆಂದರೆ ಸಾಕು, ಮರುದಿನವೇ ಪೊಲೀಸರು ಡಾಕ್ಟರನನ್ನು ಶತ್ರುದೇಶದವರನ್ನು ಕೂಡಿಹಾಕುವ ಶಿಬಿರಕ್ಕೆ ಒಯ್ಯುವವರಿದ್ದರು. ಅಧ್ಯಕ್ಷ ಬೇರೆ ಯಾರೂ ಅಲ್ಲ, ಚಿಕ್ಕಮ್ಮನ ಭಾವ, ತೀರಿಹೋದ ಗಂಡನ ಅಣ್ಣ, ಮರದ ಅಡ್ಡೆಯ ಯಜಮಾನ. "ಆ ಮನುಷ್ಯನೂ ಬೇಡ, ಅವನು ಮುಟ್ಟಿದ್ದೂ ಬೇಡ" ಎಂದು ಅವನು ಮೇಜು ಗುದ್ದಿದ.

ಚಿಕ್ಕಮ್ಮ ಸುತ್ತ ಕಣ್ಣು ಹಾಯಿಸಿದಳು. ಡಾಕ್ಟರನಿಗೆ ಹಲ್ಲು ತೋರಿಸಲು ಕತ್ತಲಾದ ಮೇಲೆ ಮುಖ ಮರೆಸಿಕೊಂಡು ತನ್ನ ಮೆಟ್ಟಿಲು ಹತ್ತಿದವರೆಲ್ಲ ಬೆಂಚುಗಳ ಮೇಲೆ ಕೂತಿದ್ದರು. ಬ್ರೆಡ್ ಅಂಗಡಿಯವನಿದ್ದ, ಹೆಡ್‌ಮಾಸ್ತರರಿದ್ದರು. ಮೇಜಿನ ಹಿಂದೆ ಭಾವನೇ ಇದ್ದ. ಒಬ್ಬೊಬ್ಬರನ್ನೇ ಬೆರಳಿಟ್ಟು ತೋರಿಸಿ ಮಾನ ಹರಾಜು ಹಾಕಬಹುದಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಗುಟ್ಟು ಹೊತ್ತು ಓಡಾಡುವ ಸಂಕಟ ಅವಳಿಗೆ ಗೊತ್ತಿಲ್ಲದ್ದೇ? ಎದ್ದು ನೆಟ್ಟಗೆ ಮೇಜಿನ ಹತ್ತಿರ ಹೋದಳು.

"ಅವನು ಮುಟ್ಟಿದ್ದು ಬೇಡ ಅಂದ್ರಲ್ಲ, ತಗೊಳ್ಳಿ ಭಾವ" ಎಂದು ಮೇಲಿನದು ಕೆಳಗಿನದು ಎರಡೂ ಸೆಟ್ಟು ಕಳಚಿ ಅವನ ಮುಂದಿಟ್ಟಳು.

ಕೆನ್ನೆ ಎರಡೂ ಒಳಕ್ಕೆ ಹೋದವು. "ಅಕ್ಕಾ" ಎಂದು ತಂಗಿ ಬಾಯಿಗೆ ಕೈಯಿಟ್ಟಳು. ಹಿಂದೆ ಯಾರೋ ಕಿಸಕ್ಕೆಂದರು. ಚಿಕ್ಕಮ್ಮನಿಗೆ ನಾಚಿಕೆಯಿಂದ ಕಣ್ಣು ತುಂಬಿತು, ಆದರೂ ಬಾಯಿ ಮರೆಮಾಡಲಿಲ್ಲ.

"ನನ್ನದು ಕೊಟ್ಟಿದೀನಿ" ಎಂದಳು ತೊದಲುತ್ತ. "ಬೇರೆ ಯಾರ ಸುದ್ದೀನೂ ನಾನು ಎತ್ತಲ್ಲ."

ಸೆಟ್ಟನ್ನು ಮೇಜಿನ ಮೇಲೇ ಬಿಟ್ಟು ಅವಳು ಮನೆಗೆ ನಡೆದಳು.

ಡಾಕ್ಟರ ಬಟ್ಟೆಬರೆ ಕಟ್ಟಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. ಅವಳ ಬೋಳು ಬಾಯಿ ನೋಡಿ, "ನನಗೋಸ್ಕರ ಇದೇನು ಮಾಡ್ಕೊಂಡ್ರಿ ಚಿಕ್ಕಮ್ಮ" ಎಂದು ಮಗುವಿನ ಹಾಗೆ ಅತ್ತ. ಅವಳು ಅವನ ಬೆನ್ನು ಸವರುತ್ತ ಪಕ್ಕದಲ್ಲೇ ಕೂತಳು.

ಸ್ವಲ್ಪ ಹೊತ್ತಿಗೆ ಭಾವ ಬಂದ, ಒಬ್ಬನೇ. ಕರವಸ್ತ್ರದಲ್ಲಿ ಸುತ್ತಿದ ಸೆಟ್ಟನ್ನು ಅವಳ ಕೈಗಿತ್ತ.

"ಪೊಲೀಸರಿಗೆ ಬರಬೇಡಿ ಅಂತ ಹೇಳಿ ಕಳಿಸಿದೀವಿ" ಎಂದ. ಆಮೇಲೆ ಗೋಡೆ ನೋಡುತ್ತ, "ಡಾಕ್ಟ್ರೇ, ನನ್ನ ಕೆಳಗಿನ ಸೆಟ್ಟು ಒತ್ತುತ್ತೆ. ನಾಳೆ ಕತ್ತಲಾದ ಮೇಲೆ ಬರ್ಲಾ?"

ಡಾಕ್ಟರ ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದ. ಚಿಕ್ಕಮ್ಮನೇ ಉತ್ತರ ಕೊಟ್ಟಳು.

"ಹಗಲು ಹೊತ್ತಲ್ಲಿ ಬನ್ನಿ ಭಾವ. ಜನ ನೋಡ್ಲಿ."

ಭಾವ ತಲೆ ತಗ್ಗಿಸಿ, "ಹೂಂ" ಎಂದ.