ಪಾವಗಡವನ್ನು ಕೊಟ್ಟುಬಿಟ್ಟೆ

ಅಕ್ಕನ ವೀಳ್ಯಶಾಸ್ತ್ರದ ದಿನ ಮಿಡಿಗೇಶಿಯ ನಮ್ಮ ಜಗಲಿಯಲ್ಲಿ ಒಗಟಿನ ಆಟ ಕಟ್ಟಿದವನು ನಾನೇ. ಆಟ ಹಳೆಯದು, ನಮ್ಮಜ್ಜಿಯ ಅಜ್ಜಿಯೂ ಆಡಿದ್ದಳಂತೆ. ಗಂಡಿನವರು ಒಂದು ಕಡೆ, ಹೆಣ್ಣಿನವರು ಒಂದು ಕಡೆ. ಒಗಟು ಬಿಡಿಸಲಾಗದವರು ಒಂದು ಊರು ಕೊಟ್ಟು ಸೋಲೊಪ್ಪಬೇಕು. ಕೊಟ್ಟರೆ ಆ ಊರಿನ ಋಣ ಬಿಟ್ಟಂತೆ. ಅದಕ್ಕೇ ನೆಂಟರ ಊರನ್ನು ಮಾತ್ರ ಯಾರೂ ಕೊಡುವುದಿಲ್ಲ. ನಾನು ಸೇರಿಸಿದ ಹೊಸದೆಂದರೆ ರೇಡಿಯೋ: ಚೊಂಬನ್ನು ಬಾಯಿಗೆ ಹಿಡಿದು, ವಾರ್ತೆ ಓದುವವರ ಗತ್ತಿನಲ್ಲಿ ಸೋಲು ಗೆಲುವು ಸಾರುವುದು.

ಗಂಡಿನವರು ಪಾವಗಡದವರು. ಗಂಡಿನ ಅಜ್ಜಿಯದು ನಗುವುದಕ್ಕೂ ಅಪ್ಪಣೆ ಬೇಕೇನೋ ಎನ್ನುವಂಥ ಮುಖ. ಅಕ್ಕನಿಗೆ ಹಿಂದೆ ಬಂದಿದ್ದ ಸಂಬಂಧ ತಪ್ಪಿಹೋಗಿದ್ದರಿಂದ ಅಪ್ಪ ಬೆಳಗಿನಿಂದ ಕಣ್ಣಲ್ಲೇ ನನ್ನ ಬಾಯಿಗೆ ಬೀಗ ಹಾಕುತ್ತಿದ್ದರು. ತಾಂಬೂಲದ ತಟ್ಟೆ ಇನ್ನೂ ಕೈ ಬದಲಾಗಿರಲಿಲ್ಲ. ನಾನು ಬಿಟ್ಟೆನೆ? ಆ ಅಜ್ಜಿಯ ಕೆಮ್ಮನ್ನು, ಅಪ್ಪನ ಗೊರಗೊರ ಗಂಟಲನ್ನು, ಹುಡುಗಿಯರೆದುರು ಒಡೆಯುವ ನನ್ನದೇ ದನಿಯನ್ನೂ ಅಣಕಿಸಿದೆ.

ಅಜ್ಜಿ ಒಗಟಿನ ಮೇಲೆ ಒಗಟು ಹಾಕಿದರು. ನಾವು ಕೊರಟಗೆರೆ ಕೊಟ್ಟೆವು. ಶಿರಾ ಹೋಯಿತು. ಮಧುಗಿರಿಯೂ ಹೋಯಿತು. ಮುಂದಿನದಕ್ಕೂ ಉತ್ತರವಿಲ್ಲ. ನನ್ನ ನಾಲಗೆಗೆ ಅಷ್ಟರಲ್ಲಿ ಬಸ್ಸಿನ ಕಂಡಕ್ಟರ್ ಹತ್ತಿಬಿಟ್ಟಿದ್ದ. ಕೊರಟಗೆರೆ, ಶಿರಾ, ಮಧುಗಿರಿ ಎಂದು ಕೂಗಿದ ಬಾಯಿ ಅದೇ ಓಟದಲ್ಲಿ, "ಪಾವಗಡ ಕೊಟ್ಬುಟ್ಟೆ" ಎಂದಿತು.

ಗಂಡಿನ ಕಡೆಯವರೊಬ್ಬರು ಹೆಗಲ ಟವಲ್ಲು ಸರಿಮಾಡಿಕೊಂಡು ಎದ್ದರು. ಅಪ್ಪ ತಾಂಬೂಲದ ತಟ್ಟೆ ಹಿಡಿದೇ ಅವರಿಗೆ ಅಡ್ಡ ನಿಂತರು. ನಾನು ಚೊಂಬನ್ನು ಬಾಯಿಂದ ಇಳಿಸಿದೆ.

"ನಮ್ಮೂರ ಋಣ ಬ್ಯಾಡ ಅಂದಂಗಾಯ್ತಲ್ಲಪ್ಪ," ಎಂದರು ಅಜ್ಜಿ, ಮೆಲ್ಲಗೆ. ಕೂಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಹುಡುಗಾಟದವನು, ಮನಸ್ಸಿಗೆ ಹಾಕಿಕೊಳ್ಳಬೇಡಿ ಎಂದು ಅಪ್ಪ ಬೇಡಿಕೊಂಡರು. ಅಜ್ಜಿ ಒಪ್ಪಲಿಲ್ಲ. ಆಟದಲ್ಲಿ ಹೋದದ್ದು ಆಟದಲ್ಲೇ ಬರಬೇಕು. ಇನ್ನೊಂದೇ ಒಗಟು, ಬಿಡಿಸಿದರೆ ಊರು ವಾಪಸ್ಸು ಎಂದರು.

"ದಿನಾ ಮನೆಯೆಲ್ಲ ಸುತ್ತತೈತೆ. ಕೂತ್ಕೋ ಅನ್ನೋರಿಲ್ಲ. ಮೂಲೇಲಿ ನಿಂತ್ಕಂತೈತೆ. ಏನದು?"

ಉತ್ತರ ನನಗೆ ಗೊತ್ತಿತ್ತು. ಈ ಬಾಯಿ ಮತ್ತಿನ್ನಾವ ಊರು ಕೊಟ್ಟೀತೋ ಎಂದು ಅಂಗೈಯಿಂದ ಮುಚ್ಚಿಕೊಂಡಿದ್ದೆ. ಆಗ ಬಾಗಿಲ ಹಿಂದಿನಿಂದ, ಅವತ್ತು ಬಾಯಿ ತೆರೆಯಲೇಬಾರದಾಗಿದ್ದ ಅಕ್ಕನ ದನಿ ಬಂತು.

"ಪೊರಕೆ ಕಣಜ್ಜಿ. ನಾನಲ್ಲ."

ಅಪ್ಪ ಕಣ್ಣು ಮುಚ್ಚಿಕೊಂಡರು. ನಾನು ಚೊಂಬಿನೊಳಗೆ ಮುಖ ಇಟ್ಟೆ. ಅಜ್ಜಿ ಬಾಗಿಲ ಕಡೆ ಕತ್ತು ಹೊರಳಿಸಿದರು. ಆಮೇಲೆ ಕೈ ಚಾಚಿ ಅಪ್ಪನಿಂದ ತಟ್ಟೆ ತೆಗೆದುಕೊಂಡರು.

"ಪಾವಗಡ ಇನ್ಮೇಲೆ ಅವಳ್ದು," ಎಂದು ನನ್ನ ಕಡೆ ತಿರುಗಿದರು. "ಲೇ ಅಬ್ಬಾಯಿ, ನೀನ್ ಬರೋದಾದ್ರೆ ಅವಳ್ನ ಕೇಳ್ಕಂಡು ಬಾ."

ಕೇಳಿಕೊಂಡೇ ಹೋಗುತ್ತೇನೆ. ಅಲ್ಲಿ ಎಲ್ಲರನ್ನೂ ಅಣಕಿಸಿದ್ದೇನೆ, ಅಜ್ಜಿಯ ಆ ಕೆಮ್ಮೊಂದನ್ನು ಬಿಟ್ಟು.