ಹದಿನಾಲ್ಕು ರಿಯಾಲಿನ ಹಿಟ್ಟು

ಅಗರದ ನಟರಾಜುವಿಗೆ ರಾಗಿಮುದ್ದೆಯ ಮೇಲೆ ಇದ್ದಷ್ಟು ಹಗೆ ದಾಯಾದಿಗಳ ಮೇಲೂ ಇರಲಿಲ್ಲ. ಹುಟ್ಟಿದ್ದು ಮುದ್ದೆ ಉಣ್ಣುವ ಮನೆಯಲ್ಲೇ, ಬೆಳೆದದ್ದೂ ಅದನ್ನೇ ಉಂಡು. ಆದರೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರದ ದಿನಸಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಆ ಅಂಗಡಿಯವರು ಎ.ಸಿ. ಹಾಕಿಸಿ ಬೋರ್ಡಿನ ಮೇಲೆ ಸೂಪರ್ ಮಾರ್ಕೆಟ್ ಎಂದು ಬರೆಸಿಕೊಂಡ ಮೇಲೆ, ಇವನನ್ನು ಸೂಪರ್‌ವೈಸರ್ ಎಂದು ಕರೆದ ಮೇಲೆ ಅವನ ನಾಲಿಗೆಗೂ ಬಡ್ತಿ ಸಿಕ್ಕಿತು. ಮಧ್ಯಾಹ್ನ ಹೋಟೆಲಿನಲ್ಲಿ ಪರೋಟ, ಸಾಯಂಕಾಲ ಗೋಬಿ, ರಾತ್ರಿ ಮನೆಯಲ್ಲಿ ಚಪಾತಿ. ತಟ್ಟೆಯಲ್ಲಿ ಮುದ್ದೆ ಕಂಡರೆ ಯಾರೋ ತನ್ನ ಮೇಲೆ ಅರ್ಜಿ ಹಾಕಿದ್ದಾರೇನೋ ಎಂಬಂತೆ ಮುಖ ಮಾಡುತ್ತಿದ್ದ. ಮಣ್ಣು ಹೊರುವವರು ಮುದ್ದೆ ತಿನ್ನಬೇಕು, ಎ.ಸಿ.ಯಲ್ಲಿ ನಿಲ್ಲುವವರಿಗೆ ಅದು ಅರಗುವುದಿಲ್ಲ ಎಂಬುದು ಅವನು ಸ್ವಂತವಾಗಿ ಕಂಡುಹಿಡಿದ ವೈದ್ಯಶಾಸ್ತ್ರ.

ಅವನ ಹೆಂಡತಿ ರತ್ನ ಹನೂರಿನ ಕಡೆಯವಳು, ಬೆಟ್ಟದ ತಪ್ಪಲಿನ, ಮಳೆಯನ್ನೇ ನಂಬಿದ ಖುಷ್ಕಿ ಊರಿನಿಂದ ಬಂದವಳು. ಅವಳಪ್ಪ ಮಾದಣ್ಣ ಪ್ರತಿ ವರ್ಷ ಒಕ್ಕಣೆ ಮುಗಿದ ಕೂಡಲೇ ಮಗಳ ಮನೆಗೆಂದು ಒಂದು ಮೂಟೆ ರಾಗಿಯನ್ನು ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದ. ಆ ಮೂಟೆ ಇಳಿಸಿಕೊಳ್ಳುವಾಗ ನಟರಾಜು ಅತ್ತಿತ್ತ ನೋಡುತ್ತಿದ್ದ. ಬೇರೆಯವರ ಮಾವಂದಿರು ಅಳಿಯನಿಗೆ ಬೈಕು ಕೊಡುತ್ತಾರೆ, ನನಗೆ ಗಂಟುಬಿದ್ದವನು ರಾಗಿ ಕಳಿಸುತ್ತಾನೆ ಎಂದು ರತ್ನಳ ಕಿವಿಗೆ ಬೀಳುವ ಹಾಗೆಯೇ ಹೇಳುತ್ತಿದ್ದ. ರತ್ನ ಏನೂ ಅನ್ನುತ್ತಿರಲಿಲ್ಲ. ತನಗೂ ಅತ್ತೆ ಶಿವನಂಜಮ್ಮನಿಗೂ ಒಂದು ಒಲೆಯ ಮೇಲೆ ಮುದ್ದೆ ಕೂಡಿಸಿ, ಇನ್ನೊಂದರ ಮೇಲೆ ಗಂಡನಿಗೆ ಚಪಾತಿ ಬೇಯಿಸುತ್ತಿದ್ದಳು. ಹೀಗೆ ಒಂಬತ್ತು ವರ್ಷ ನಡೆಯಿತು. ಏನೂ ಅನ್ನದವಳು ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ ಎಂದು ನಟರಾಜು ತಿಳಿದಿದ್ದ. ಗಂಡಂದಿರು ಸಾಮಾನ್ಯವಾಗಿ ಹಾಗೇ ತಿಳಿದಿರುತ್ತಾರೆ.

ಅಂಗಡಿಗೆ ಮಾಲು ಹಾಕುತ್ತಿದ್ದವರೊಬ್ಬರ ಕಡೆಯಿಂದ ಅವನಿಗೆ ದೋಹಾದಲ್ಲಿ ಕೆಲಸ ಸಿಕ್ಕಿತು. ಅದೂ ಸೂಪರ್ ಮಾರ್ಕೆಟ್ಟೇ, ಆದರೆ ಕೊಳ್ಳೇಗಾಲದ್ದನ್ನು ಅದರ ಸೈಕಲ್ ಸ್ಟ್ಯಾಂಡಿನಲ್ಲಿ ಇಡಬಹುದು ಅನ್ನುವಷ್ಟು ದೊಡ್ಡದು. ಹೊರಡುವ ಹಿಂದಿನ ದಿನ ಓಣಿಯವರಿಗೆಲ್ಲ ಕೇಳುವಂತೆ ಇನ್ನು ಮೇಲೆ ದಿನಾ ಬಿರಿಯಾನಿ ಎಂದು ಘೋಷಿಸಿದ. ಆ ಒಂದು ವಿಷಯದಲ್ಲಿ ದೇವರು ಅವನ ಮಾತನ್ನು ನಡೆಸಿಕೊಟ್ಟ. ಕಂಪನಿಯ ಮೆಸ್ಸಿನಲ್ಲಿ ನಿಜಕ್ಕೂ ದಿನಾ ಅಕ್ಕಿಯದೇ ಏನಾದರೊಂದು, ಅದರ ಜೊತೆ ಕುಬ್ಬೂಸ್ ಎಂಬ ದಪ್ಪ ರೊಟ್ಟಿ, ಒಂದೇ ರುಚಿಯ ಕೋಳಿ. ಮೊದಲ ತಿಂಗಳು ತಟ್ಟೆಯ ಫೋಟೋ ತೆಗೆದು ಊರಿಗೆ ಕಳಿಸಿದ. ಎರಡನೇ ತಿಂಗಳು ಕಳಿಸುವುದು ನಿಂತಿತು. ಐದನೇ ತಿಂಗಳು ಕೋಳಿ ಕಂಡರೆ ಕಣ್ಣು ಮುಚ್ಚಿಕೊಳ್ಳುವಂತಾಯಿತು.

ಅವನನ್ನು ಹಾಕಿದ್ದು ಇಂಡಿಯಾದ ಸಾಮಾನುಗಳ ಸಾಲಿಗೆ. ಬೆಲೆಯ ಚೀಟಿ ಅಂಟಿಸುವುದೇ ಮುಖ್ಯ ಕೆಲಸ. ಅಗರದಲ್ಲಿ ಹಿತ್ತಿಲ ಆಡು ಬಾಯಿ ಹಾಕಿದರೂ ಯಾರೂ ಅಟ್ಟದ ಕರಿಬೇವು ಇಲ್ಲಿ ಐವತ್ತು ಗ್ರಾಮಿಗೆ ಮೂರು ರಿಯಾಲು, ಅಂದರೆ ಎಪ್ಪತ್ತು ರೂಪಾಯಿ. ಅವರೆಕಾಯಿ ವಿಮಾನದಲ್ಲಿ ಬರುತ್ತಿತ್ತು. ತಾನೂ ಅದೇ ದಾರಿಯಲ್ಲಿ ಬಂದವನು, ಆದರೆ ಅವರೆಕಾಯಿಗೆ ತಂಪು ಕೋಣೆ ಕೊಟ್ಟಿದ್ದರು, ತನಗೆ ಇಬ್ಬರು ದಪ್ಪನೆಯವರ ನಡುವಿನ ಸೀಟು ಎಂದು ನಟರಾಜುವಿಗೆ ಬೇಜಾರಾಯಿತು. ಒಂದು ದಿನ ಹೊಸ ಪೆಟ್ಟಿಗೆ ಒಡೆದಾಗ ಒಳಗಿದ್ದದ್ದು ರಾಗಿಹಿಟ್ಟು. ಮೇಲೆ ಹಸಿರು ಎಲೆಯ ಚಿತ್ರ, ಯೋಗ ಮಾಡುವ ಹೆಂಗಸಿನ ಚಿತ್ರ, ಪ್ರಾಚೀನ ಭಾರತದ ಮಹಾಧಾನ್ಯ ಎಂಬ ಬರಹ. ಕೆಳಗೆ ಅವನೇ ಅಂಟಿಸಬೇಕಾದ ಚೀಟಿ: ಕಿಲೋಗೆ ಹದಿನಾಲ್ಕು ರಿಯಾಲು. ಮುನ್ನೂರು ರೂಪಾಯಿಯ ಮೇಲಾಯಿತು. ಮಾವ ಕಳಿಸುತ್ತಿದ್ದ ಮೂಟೆಯನ್ನು ಈ ಲೆಕ್ಕದಲ್ಲಿ ನೋಡಿದರೆ ಒಂಬತ್ತು ವರ್ಷದಲ್ಲಿ ಬೈಕು ಬಂದೇ ಹೋಗಿತ್ತಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಸಂಬಳದ ದಿನ ಒಂದು ಪ್ಯಾಕೆಟ್ಟು ಕೊಂಡ. ಕದ್ದ ಮಾಲಿನಂತೆ ಅಂಗಿಯೊಳಗೆ ಇಟ್ಟುಕೊಂಡು ರೂಮಿಗೆ ತಂದ. ಆದರೆ ಮಾಡಲು ಬರಬೇಕಲ್ಲ. ಫೋನು ಮಾಡಿ ರತ್ನಳನ್ನು ಕೇಳಿದರೆ ಮೂರು ನಿಮಿಷದ ಕೆಲಸ, ಆದರೆ ಆ ಮೂರು ನಿಮಿಷಕ್ಕೆ ಒಂಬತ್ತು ವರ್ಷದ ಮರ್ಯಾದೆಯನ್ನು ತೆರಬೇಕಾಗಿತ್ತು. ತಾನೇ ಕೂಡಿಸಿದ. ಮೊದಲನೆಯದು ಗಂಜಿಯಾಯಿತು, ಎರಡನೆಯದು ಗಂಟುಗಂಟಾಗಿ ಪಾತ್ರೆಯ ತಳ ಹಿಡಿಯಿತು. ರೂಮಿನಲ್ಲಿದ್ದ ಓಬುಲೇಸು ಆಂಧ್ರದ ಮಡಕಶಿರಾದ ಕಡೆಯವನು, ಕನ್ನಡ ಬಲ್ಲವನು, ಲಾರಿ ಡ್ರೈವರು. ಮಂಚದ ಮೇಲೆ ಮಲಗಿಯೇ ಇದನ್ನೆಲ್ಲ ನೋಡುತ್ತಿದ್ದವನು, ಹದಿನಾಲ್ಕು ರಿಯಾಲಿನ ಹಿಟ್ಟು ಕಣ್ಣೆದುರು ಸಾಯುವುದನ್ನು ನೋಡಲಾರದೆ ಎದ್ದು ಬಂದ. ತಮ್ಮೂರ ಸಂಗಟಿಯೂ ಇದೇ ಎಂದು ಹೇಳಿ, ಎಸರು ಹೇಗಿರಬೇಕು, ಹಿಟ್ಟು ಯಾವಾಗ ಸುರಿಯಬೇಕು, ಕೋಲಿಲ್ಲದಿದ್ದರೆ ಚಪಾತಿಯ ಲಟ್ಟಣಿಗೆಯಲ್ಲೇ ಹೇಗೆ ತಿರುವಬೇಕು ಎಂದು ಕಲಿಸಿದ. ಅಂದಿನಿಂದ ಇಬ್ಬರೂ ಸೇರಿ ಪ್ರತಿ ಶುಕ್ರವಾರ ಒಂದೊಂದು ಮುದ್ದೆ ಉಣ್ಣುವ ಪದ್ಧತಿಯಾಯಿತು. ಎರಡನೆಯದಕ್ಕೆ ಆಸೆಯಿರುತ್ತಿತ್ತು, ಬೆಲೆ ಬಿಡುತ್ತಿರಲಿಲ್ಲ. ಊಟವಾದ ಮೇಲೆ ನಟರಾಜು ಊರಿಗೆ ಫೋನು ಮಾಡಿ, ಇವತ್ತು ಮಟನ್ನು ಎನ್ನುತ್ತಿದ್ದ.

ಇದು ಇಷ್ಟಕ್ಕೇ ನಿಂತಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಅವನ ಸಾಲಿಗೆ ವಾರಕ್ಕೊಮ್ಮೆ ಬರುತ್ತಿದ್ದ ಗಿರಾಕಿ ಭವ್ಯಶ್ರೀ ಎಂಬಾಕೆ. ಮೈಸೂರಿನವರು, ಗಂಡ ದೊಡ್ಡ ಎಂಜಿನಿಯರು. ಒಂದೇ ಸಲಕ್ಕೆ ಐದು ಪ್ಯಾಕೆಟ್ಟು ರಾಗಿಹಿಟ್ಟನ್ನು ಗಾಡಿಗೆ ಹಾಕಿಕೊಂಡು, ಬೆಲೆಯ ಕಡೆ ಕಣ್ಣೂ ಹಾಯಿಸದವರು. ಮೈ ಇಳಿಸಲು ಡಾಕ್ಟರು ಹೇಳಿದ್ದರಂತೆ. ಇವನು ಕೊಳ್ಳೇಗಾಲದ ಕಡೆಯವನೆಂದು ತಿಳಿದು, ನಿನಗೆ ಮುದ್ದೆ ಬರುತ್ತದೆಯೇ ಎಂದು ವಿಚಾರಿಸಿದರು. ಅವರ ಕನ್ನಡ ಸಂಘದವರು ಗ್ರಾಮೀಣ ಭೋಜನ ಎಂಬ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಟಿಕೆಟ್ಟು ಐವತ್ತು ರಿಯಾಲು. ನೂರಿಪ್ಪತ್ತು ಜನ ಹಣ ಕಟ್ಟಿದ್ದರು, ಮುದ್ದೆ ಕಟ್ಟುವವರು ಮಾತ್ರ ಒಬ್ಬರೂ ಇರಲಿಲ್ಲ. ಹೊಟ್ಟೆ ತುಂಬ ಉಣ್ಣಬಹುದು ಎಂದದ್ದೇ ತಡ, ನಟರಾಜು ಒಪ್ಪಿಕೊಂಡ.

ಅಲ್ಲಿ ಹೋದರೆ ಅವನಿಗೆ ಪಂಚೆ ಉಡಿಸಿದರು, ಹೆಗಲಿಗೆ ಹಸಿರು ಟವಲು ಹಾಕಿದರು. ಮದುವೆಯ ದಿನವೂ ಧಾರೆ ಮುಗಿಯುತ್ತಲೇ ಪ್ಯಾಂಟು ಹಾಕಿಕೊಂಡವನು ಅವನು. ಮೈಕಿನಲ್ಲಿ ಅವನನ್ನು ಕಾವೇರಿ ತೀರದ ಅನ್ನದಾತ ಎಂದು ಪರಿಚಯಿಸಿದರು. ಅಗರದವನು ಕಾವೇರಿಯನ್ನು ನೋಡಬೇಕಾದರೆ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿಂದ ಸತ್ತೇಗಾಲದ ಬಸ್ಸು ಹಿಡಿಯಬೇಕು. ನೇಗಿಲನ್ನಂತೂ ಅವನು ಮುಟ್ಟಿರಲಿಲ್ಲ. ಆದರೂ ಕೈ ಮುಗಿದ. ಕೊಪ್ಪರಿಗೆಯ ಮುಂದೆ ಪಂಚೆ ಎತ್ತಿ ಕಟ್ಟಿ, ಬೆವರು ಸುರಿಸುತ್ತಾ ಮುದ್ದೆ ತಿರುವಿದ. ಜನ ಸುತ್ತ ನಿಂತು ಫೋನು ಹಿಡಿದರು. ಯಾರೋ ಒಬ್ಬರು ಕೇಳಿದ್ದಕ್ಕೆ, ಚಿಕ್ಕಂದಿನಿಂದ ಮುದ್ದೆಯೇ ತನ್ನ ಪ್ರಾಣ ಎಂದೂ ಹೇಳಿಬಿಟ್ಟ. ಅಂದು ನಾಲ್ಕು ಮುದ್ದೆ ಉಂಡ, ಒಂದು ಶಾಲು ಹೊದೆಸಿಕೊಂಡ, ಹಾಯಾಗಿ ಮಲಗಿದ.

ವಿಡಿಯೋ ಮಲಗಲಿಲ್ಲ. ಮೂರೇ ದಿನಕ್ಕೆ ಮಾಂಬಳ್ಳಿಯಲ್ಲಿದ್ದ ಅವನ ತಂಗಿ ಶಿವಮ್ಮನ ಫೋನಿಗೆ ಬಂತು, ಅಲ್ಲಿಂದ ಅಗರಕ್ಕೆ. ರತ್ನ ಅದನ್ನು ಒಂದು ಸಲ ನೋಡಿದಳು. ಅತ್ತೆಗೆ ತೋರಿಸಿದಳು. ಶಿವನಂಜಮ್ಮ ಕಣ್ಣು ಕಿರಿದು ಮಾಡಿ ನೋಡಿ, ಇವನು ನಮ್ಮ ನಟನ ಹಾಗೇ ಇದ್ದಾನೆ ಎಂದಳು. ಆ ಶುಕ್ರವಾರ ನಟರಾಜು ಎಂದಿನಂತೆ ಫೋನು ಮಾಡಿ ಮಟನ್ನು ಎಂದಾಗ, ಚೆನ್ನಾಗಿ ಉಣ್ಣಿ ಎಂದು ಹೇಳಿ ರತ್ನ ಫೋನಿಟ್ಟಳು.

ಎರಡು ವರ್ಷಕ್ಕೆ ಒಂದು ತಿಂಗಳ ರಜ ಸಿಕ್ಕಿತು. ವಿಮಾನದಲ್ಲಿ ಕೂತಾಗಿನಿಂದ ಅವನ ತಲೆಯಲ್ಲಿದ್ದದ್ದು ಬಿಸಿ ಮುದ್ದೆ, ಉಪ್ಸಾರು, ಪಕ್ಕದಲ್ಲಿ ಅರೆದ ಖಾರ. ಬಾಯಿಬಿಟ್ಟು ಕೇಳುವುದೇನೂ ಬೇಕಾಗಲಾರದು, ಅದು ಹೇಗೂ ಮನೆಯಲ್ಲಿ ಇದ್ದೇ ಇರುತ್ತದಲ್ಲ ಎಂದುಕೊಂಡಿದ್ದ. ಮೊದಲ ರಾತ್ರಿ ರತ್ನ ಗೀ ರೈಸು, ಪನ್ನೀರು ಬಡಿಸಿದಳು. ಎರಡನೇ ದಿನ ಕೊಳ್ಳೇಗಾಲದಿಂದ ಪರೋಟ ತರಿಸಿದಳು. ಮೂರನೇ ದಿನ ಚಪಾತಿ. ಅವಳೂ ಅತ್ತೆಯೂ ಒಳಗೆ ಏನು ಉಣ್ಣುತ್ತಿದ್ದಾರೆಂಬುದು ವಾಸನೆಯಿಂದಲೇ ತಿಳಿಯುತ್ತಿತ್ತು. ಮಾಂಬಳ್ಳಿಯ ತಂಗಿಯ ಮನೆಯಲ್ಲಿ ಬಿರಿಯಾನಿ. ಅಲ್ಲಿ ಅವನು ಮೆಲ್ಲಗೆ, ಸುಮ್ಮನೆ ಮನೆಯ ಊಟವೇ ಸಾಕಿತ್ತು ಎಂದದ್ದಕ್ಕೆ, ಫಾರಿನ್‌ನಿಂದ ಬಂದವರಿಗೆ ಮುದ್ದೆ ಹಾಕುವಷ್ಟು ದರಿದ್ರ ನಮಗೆ ಬಂದಿಲ್ಲ ಎಂದು ಶಿವಮ್ಮ ಮುನಿಸಿಕೊಂಡಳು. ಅವಳಿಗೆ ಅತ್ತಿಗೆಯಿಂದ ಮೊದಲೇ ಫೋನು ಬಂದಿತ್ತೆಂಬುದು ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ಅವನು ನೆಚ್ಚಿದ್ದು ಮಾವನನ್ನು. ಹನೂರಿಗೆ ತಾನೇ ಹೊರಟು ನಿಂತ. ಒಂಬತ್ತು ವರ್ಷದಲ್ಲಿ ಕರೆದರೂ ಹೋಗದಿದ್ದ ಅಳಿಯ ತಾನಾಗಿ ಬಂದದ್ದು ನೋಡಿ ಮಾದಣ್ಣ ಗಾಬರಿಯಾದ. ಪೇಟೆಗೆ ಓಡಿ ನೂಡಲ್ಸು ತಂದು ಮಾಡಿಸಿದ. ನಟರಾಜು ಆ ದಾರಗಳನ್ನು ಎಳೆದುಕೊಂಡು ಉಣ್ಣುತ್ತಾ, ಈ ವರ್ಷ ರಾಗಿ ಹೇಗೆ ಎಂದು ವಿಚಾರಿಸಿದ.

“ಎಲ್ಲಾನೂ ಕೊಟ್ಬುಟ್ಟೆ ಕಣ್ರಿ,” ಎಂದ ಮಾದಣ್ಣ. “ನಿಮ್ಮನೆಗೆ ಒಂದು ಮೂಟೆ ಕಳಿಸಿ, ಮಿಕ್ಕಿದ್ದ ವ್ಯಾನು ತಕಂಡು ಬಂದು ಒತ್ಕಂಡೋದ್ರು. ಒಳ್ಳೆ ರೇಟು. ಪಾಕೀಟು ಮಾಡಿ ಫಾರಿನ್ನಿಗೆ ಕಳಿಸ್ತರಂತೆ, ಅಲ್ಲಿ ದೊಡ್ಡೋರು ಉಣ್ತರಂತೆ. ನಮ್ಗೇನು, ಸೊಸೈಟಿ ಅಕ್ಕಿ ಅದೆಯಲ್ಲ.”

ಆ ದೊಡ್ಡವರ ಪೈಕಿ ತಾನೂ ಒಬ್ಬ ಎಂದು ನಟರಾಜು ಹೇಳಲಿಲ್ಲ. ನೂಡಲ್ಸು ಚೆನ್ನಾಗಿದೆ ಎಂದು ಹೇಳಿ ಕೈ ತೊಳೆದ.

ಹನ್ನೆರಡನೇ ದಿನ ಮಧ್ಯಾಹ್ನ ರತ್ನ ತಟ್ಟೆಗೆ ಟೊಮೇಟೊ ಬಾತು ಹಾಕಲು ಬಂದಾಗ ಅವನು ತಟ್ಟೆಗೆ ಕೈ ಅಡ್ಡ ಹಿಡಿದ. ತಲೆ ತಗ್ಗಿಸಿ, ನೆಲಕ್ಕೆ ಹೇಳುವ ಹಾಗೆ ಹೇಳಿದ: “ರತ್ನ, ಒಂದು ಮುದ್ದೆ ಮಾಡಿಕೊಡ್ತೀಯಾ.”

ರತ್ನ ಪಾತ್ರೆಯನ್ನು ಕೆಳಗಿಟ್ಟಳು. ಇಷ್ಟು ದಿನ ಇದೇ ಮಾತಿಗೆ ಕಾದಿದ್ದವಳು, ಬಂದಾಗ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ.

“ಇಟ್ಟು ಡಬ್ಬದಲ್ಲಿ ಅದೆ,” ಎಂದಳು. “ಅನ್ನದಾತ್ರು ನೀವು. ಊರೋರ್ಗೆಲ್ಲ ಮಾಡಿ ಆಕಿದ್ದೀರಿ. ನಮ್ಗೂ ಒಂದಿನ ಮಾಡಾಕಿ.”

ಅವನು ಎದ್ದು ಅಡುಗೆಮನೆಗೆ ಹೋದ. ಅವ್ವ ಬಾಗಿಲಲ್ಲಿ ಮೊಣಕಾಲು ಮಡಿಸಿ ಕೂತು ನೋಡಿದಳು. ಎಸರು ಕುದಿಯಿತು, ಹಿಟ್ಟು ಬಿತ್ತು, ಓಬುಲೇಸು ಕಲಿಸಿದ್ದೆಲ್ಲ ಕೈಗೆ ನೆನಪಾಯಿತು. ಕೋಲು ಹಿಡಿದು ತಿರುವಿದ. ಕ್ಯಾಮೆರಾ ಇರಲಿಲ್ಲ, ಅವ್ವನ ಕಣ್ಣಿತ್ತು, ಬೆವರು ಬೇಗ ಬಂತು. ಮೂರು ಮುದ್ದೆ ಕಟ್ಟಿ ಮೂರು ತಟ್ಟೆಗೆ ಇಟ್ಟ. ಶಿವನಂಜಮ್ಮ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿ, ಸ್ವಲ್ಪ ಹೊತ್ತು ಯೋಚಿಸಿ ಗಂಟಿದೆ ಎಂದು ತೀರ್ಪು ಕೊಟ್ಟಳು. ರತ್ನ ಮಾತ್ರ ಪೂರ್ತಿ ಉಂಡಳು. ಕೈ ತೊಳೆಯಲು ಎದ್ದಾಗ ಇಷ್ಟೇ ಹೇಳಿದಳು.

“ಒಂಬತ್ತು ವರ್ಸ ನಿಮ್ಗೋಸ್ಕರ ಎರಡು ಒಲೆ ಉರ್ಸಿವ್ನಿ. ಇನ್ಮೇಲೆ ಈ ಮನೇಲಿ ಒಂದೇ.”

ಮಿಕ್ಕ ಹದಿನೆಂಟು ದಿನ ಅವನು ಎರಡು ಹೊತ್ತೂ ಮುದ್ದೆ ಉಂಡ. ಒಂದು ಹೊತ್ತಿನದು ರತ್ನ ಮಾಡಿದ್ದು, ಒಂದು ಹೊತ್ತಿನದು ಅವನೇ ಮಾಡಿದ್ದು. ಕೊಳ್ಳೇಗಾಲದ ಹಳೆಯ ಅಂಗಡಿಗೂ ಒಂದು ದಿನ ಹೋಗಿ ಬಂದ. ಅಲ್ಲೂ ಈಗ ಯೋಗದ ಹೆಂಗಸಿನ ಚಿತ್ರವಿದ್ದ ರಾಗಿ ಪ್ಯಾಕೆಟ್ಟು ಎ.ಸಿ.ಯ ಕೆಳಗೆ ಕುಳಿತಿತ್ತು. ಭತ್ತ ಬೆಳೆಯುವ ಗದ್ದೆ ಬಯಲಿನ ಊರುಗಳಿಂದ ಬಂದವರು ಅದನ್ನು ಕೊಳ್ಳುತ್ತಿದ್ದರು.

ಹೊರಡುವ ಮುನ್ನ ಮಾವನ ಮೂಟೆಯಿಂದ ಹತ್ತು ಕಿಲೋ ಬೀಸಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ. ಜೊತೆಗೆ ಹುರುಳಿಕಾಳು, ಸಾರಿನ ಪುಡಿ. ಬೆಂಗಳೂರಿನ ವಿಮಾನ ನಿಲ್ದಾಣದ ತಕ್ಕಡಿ ಆರು ಕಿಲೋ ಹೆಚ್ಚು ತೋರಿಸಿತು. ಕೌಂಟರಿನ ಹುಡುಗಿ ಹೆಚ್ಚಿನ ಪ್ರತಿ ಕಿಲೋಗೆ ಕೇಳಿದ ಹಣದಲ್ಲಿ ದೋಹಾದ ಅಂಗಡಿಯ ಹಿಟ್ಟು ಎರಡು ಕಿಲೋ ಬರುತ್ತಿತ್ತು. ಹಿಟ್ಟು ತೆಗೆದುಬಿಡಿ ಸರ್, ಅಲ್ಲೇ ಸಿಗುತ್ತದಲ್ಲ ಎಂದು ಆಕೆ ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟಳು. ನಟರಾಜು ಪೆಟ್ಟಿಗೆಯನ್ನು ಬಾಗಿಲ ಹೊರಗೆ ತಂದು ಬಿಚ್ಚಿದ. ಶೂ, ಟವಲು, ಸಂಘದವರು ಹೊದೆಸಿದ್ದ ಶಾಲು ಎಲ್ಲವನ್ನೂ ತೆಗೆದು, ಕಳಿಸಿಕೊಡಲು ಬಂದು ಹೊರಗೇ ನಿಂತಿದ್ದ ರತ್ನಳ ಕೈಗೆ ಕೊಟ್ಟ. ಇನ್ನೂ ಎರಡು ಕಿಲೋ ಹೆಚ್ಚೇ ಉಳಿಯಿತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಅಲ್ಲೇ ಕಂಬದ ಮರೆಯಲ್ಲಿ, ಮೂರು ಅಂಗಿ ಎರಡು ಪ್ಯಾಂಟನ್ನು ಒಂದರ ಮೇಲೊಂದು ಹಾಕಿಕೊಂಡು ಬಂದ. ರತ್ನ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳು ಹೀಗೆ ನಗುವುದನ್ನು ಅವನು ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ. ಆ ಖುಷಿಯಲ್ಲಿ ಸೆಕೆಯೂ ಅಷ್ಟು ತಿಳಿಯಲಿಲ್ಲ.

ರೂಮು ಸೇರಿದ ಮೊದಲ ಶುಕ್ರವಾರ ಊರ ಹಿಟ್ಟಿನ ಮುದ್ದೆ ಮಾಡಿ ಓಬುಲೇಸುವಿನ ಮುಂದೆ ಇಟ್ಟ. ತನ್ನ ಮಾವ ಬೆಳೆದದ್ದು, ಹನೂರಿನ ಕೆಮ್ಮಣ್ಣಿನದು, ಅಂಗಡಿಯ ಪ್ಯಾಕೆಟ್ಟಿಗೂ ಇದಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ ಎಂದು ವಿವರಿಸಿದ. ಓಬುಲೇಸು ಶ್ರದ್ಧೆಯಿಂದ ಉಂಡು, ಬೆರಳು ನೆಕ್ಕಿ, ಎರಡಕ್ಕೂ ಏನೂ ವ್ಯತ್ಯಾಸ ಕಾಣುತ್ತಿಲ್ಲವಲ್ಲ ಎಂದ.

ನಟರಾಜು ಅವನ ಜೊತೆ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಎಸರಿಗೆ ನೀರಿಟ್ಟು, ಇವತ್ತು ಒಂದು ಮುದ್ದೆ ಹೆಚ್ಚಿಗೆ ಹಾಕಲಾ ಎಂದು ತಾನೇ ಓಬುಲೇಸುವನ್ನು ಕೇಳಿದ.