ನಾತೂರ್ ಸೇಸಪ್ಪನ ಪುಸ್ತಕಗಳು

ದುಬೈಯ ಅಲ್ ನಹ್ದಾದಲ್ಲಿ ನಾವಿರುವ ಬಿಲ್ಡಿಂಗಿಗೆ ಒಂಬತ್ತು ಮಾಳಿಗೆ. ಅದನ್ನು ಇಪ್ಪತ್ತಮೂರು ವರ್ಷ ಕಾದವನು ಕಾರ್ಕಳದ ಕಡೆಯ ಸೇಸಪ್ಪ. ಕಾವಲಿನವನಿಗೆ ಇಲ್ಲಿ ನಾತೂರ್ ಎನ್ನುತ್ತಾರೆ. ಪಂಪು ನೋಡುವುದು, ಮೆಟ್ಟಿಲು ಒರೆಸುವುದು, ಜನ ಬಿಟ್ಟುಹೋದ ಫ್ಲ್ಯಾಟನ್ನು ಗುಡಿಸಿ ಬೀಗ ಹಾಕುವುದು, ಎಲ್ಲ ಅವನದೇ ಕೆಲಸ.

ನಾನು ಮಗಳು ಸ್ವರ್ಣಲತಾಳ ಮನೆಗೆ ಬಂದದ್ದು ಗಂಡ ತೀರಿಕೊಂಡ ಮೇಲೆ. ಮಗಳು, ಅಳಿಯ ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಮೊಮ್ಮಗಳು ಯಶ್ಮಿತಾ ಶಾಲೆಯಿಂದ ಬಂದವಳೇ ಕಿವಿಗೆ ಹೆಡ್‌ಫೋನ್ ಹಾಕಿ ಕೋಣೆ ಸೇರುತ್ತಾಳೆ. "ಎಂತ ತಿಂತಿ ಮಗಾ?" ಎಂದರೆ "ಲೇಟರ್ ಅಜ್ಜಿ" ಎನ್ನುತ್ತಾಳೆ. ಅವಳು ಒಳ್ಳೆಯ ಹುಡುಗಿಯೇ. ಆದರೆ ಆ ಎರಡು ಶಬ್ದದಲ್ಲಿ ಇಡೀ ಮಧ್ಯಾಹ್ನ ಕಳೆಯಲಿಕ್ಕೆ ಆಗುವುದಿಲ್ಲ. ಹಾಗೆ ಒಂದು ದಿನ ಲಿಫ್ಟಿನಲ್ಲಿ ಕೆಳಗಿಳಿದು ಬಾಗಿಲ ಬಳಿಯ ಸೋಫಾದ ಮೇಲೆ ಕುಳಿತೆ. ಸೇಸಪ್ಪ ತನ್ನ ಮೇಜಿನ ಹಿಂದೆ ತಲೆ ಬಗ್ಗಿಸಿ ಕೂತಿದ್ದ. ಮೊಬೈಲ್ ನೋಡುತ್ತಿದ್ದಾನೆ ಎಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ ಕನ್ನಡ ಪುಸ್ತಕ.

"ಎಂತದು ಸೇಸಪ್ಪ, ಭಜನೆಯಾ?"

"ಅಲ್ಲ ವಾರಿಜಕ್ಕ. ಅಣೆಕಟ್ಟಿನ ನೀರಲ್ಲಿ ಒಂದು ಊರು ಮುಳುಗಿದ ಕಥೆ. ಓದ್ಲಾ?"

ನಾನು ಕಲಿತದ್ದು ಎರಡನೇ ಕ್ಲಾಸು. ಅಕ್ಷರ ಗೊತ್ತು, ಆದರೆ ಒಂದು ಸಾಲು ಮುಗಿಸುವಾಗ ಅದರ ಮೊದಲ ಶಬ್ದ ಮರೆತಿರುತ್ತದೆ. ಓದು ಎಂದೆ. ಅವತ್ತಿನಿಂದ ದಿನಾ ನಾಲ್ಕು ಗಂಟೆಗೆ ನಾನು ಕೆಳಗೆ.

ಅವನು ಓದುಗನಾದದ್ದು ಹೀಗೆ. ಊರಿನಲ್ಲಿ ಏಳನೇ ಕ್ಲಾಸು ಮುಗಿಸಿ ಗಾರೆ ಕೆಲಸಕ್ಕೆ ಹೋದವನು. ಇಲ್ಲಿಗೆ ಬಂದ ಮೇಲೂ ಮೊದಲ ನಾಲ್ಕು ವರ್ಷ ಕೂಲಿಯವರ ಕ್ಯಾಂಪಿನಲ್ಲಿದ್ದು ಅದೇ ಕೆಲಸ. ಆಮೇಲೆ ನಾತೂರ್ ಆದ. ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಡುವವರಿಗೆ ವಿಮಾನದಲ್ಲಿ ಮೂವತ್ತು ಕಿಲೋ ಮಾತ್ರ. ಮಿಕ್ಸಿ ಬಿಡುವುದಿಲ್ಲ, ಕಂಬಳಿ ಬಿಡುವುದಿಲ್ಲ, ಪುಸ್ತಕ ಬಿಡುತ್ತಾರೆ. ಅಂಥ ಒಂದು ಫ್ಲ್ಯಾಟ್ ಗುಡಿಸುವಾಗ ಕಪಾಟಿನ ಹಿಂದೆ ಅವನಿಗೆ ಒಂದು ಕಾದಂಬರಿ ಸಿಕ್ಕಿತು. ಬಟ್ಟೆ ಗಿರಣಿ ಮುಚ್ಚಿದ ಮೇಲೆ ಅಲ್ಲಿಯ ಕೆಲಸದವರು ಏನಾದರು ಎಂಬ ಕಥೆ. ಕಸದ ಚೀಲಕ್ಕೆ ಹಾಕುವ ಮೊದಲು ಒಂದು ಪುಟ ನೋಡಿದನಂತೆ. ನೋಡುತ್ತಾ ಆ ಖಾಲಿ ಫ್ಲ್ಯಾಟಿನ ನೆಲದಲ್ಲೇ ಕೂತುಬಿಟ್ಟನಂತೆ. ಆಮೇಲೆ ಅಕ್ಕಪಕ್ಕದ ಬಿಲ್ಡಿಂಗಿನ ನಾತೂರರಿಗೂ ಹೇಳಿಟ್ಟ. ಕನ್ನಡದ್ದು ಸಿಕ್ಕಿದರೆ ಬಿಸಾಡಬೇಡಿ, ನನಗೆ ಕೊಡಿ. ಮೆಟ್ಟಿಲ ಕೆಳಗಿನ ಅವನ ಕಿಟಕಿಯಿಲ್ಲದ ಕೋಣೆಯಲ್ಲಿ ಮಂಚದ ಅಡಿ ತುಂಬ ಪುಸ್ತಕ. ಮಲ ಹೊರುತ್ತಿದ್ದ ಹೆಂಗಸೊಬ್ಬಳು ತನ್ನ ಬದುಕನ್ನು ತಾನೇ ಹೇಳಿದ್ದು, ಕುಷ್ಠದ ಆಸ್ಪತ್ರೆಯ ಬಗ್ಗೆ ಡಾಕ್ಟರೊಬ್ಬರು ಬರೆದದ್ದು, ಮೀನುಗಾರರ ಕಾದಂಬರಿ, ಬೀಡಿ ಕಟ್ಟುವವರ ಬಗ್ಗೆ ಯಾರೋ ಮನೆಮನೆಗೆ ಹೋಗಿ ಕೇಳಿ ಬರೆದದ್ದು. ಕೆಲವು ಕಥೆ, ಕೆಲವು ನಿಜ. ನನಗೆ ಎಲ್ಲವೂ ನಿಜವೇ ಅನಿಸುತ್ತಿತ್ತು.

ಅವನಿಗೊಂದು ಅಭ್ಯಾಸವಿತ್ತು. ಓದುವಾಗ ಕೇಳುವವರು ಏನಾದರೂ ಹೇಳಿದರೆ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದ. ಹೇಳಿದವರ ಹೆಸರನ್ನೂ ಹಾಕುತ್ತಿದ್ದ.

ಆ ಮುಳುಗಡೆಯ ಕಥೆಯಲ್ಲಿ ಒಬ್ಬಳು ಊರು ಬಿಡುವ ದಿನ ಮನೆಯನ್ನೆಲ್ಲ ಗುಡಿಸಿ, ಬಾಗಿಲು ಎಳೆದುಕೊಂಡು ಹೊರಡುತ್ತಾಳೆ. ಸೇಸಪ್ಪ ಓದು ನಿಲ್ಲಿಸಿದ.

"ನಾಳೆ ನೀರು ಬರುವ ಮನೆಯನ್ನು ಗುಡಿಸುದು ಎಂತಕ್ಕೆ ಅಕ್ಕ?"

"ಗುಡಿಸದೆ ಹೇಗೆ ಹೋಗುದು ಮಾರಾಯ?"

ಬರೆದುಕೊಂಡ. 'ವಾರಿಜಕ್ಕ: ಗುಡಿಸದೆ ಹೇಗೆ ಹೋಗುದು.'

ಬೀಡಿಯ ಪುಸ್ತಕ ಓದಿದ ದಿನ ನಾನು ಸುಮ್ಮನಿರಲಿಲ್ಲ. ಇಪ್ಪತ್ತೆಂಟು ವರ್ಷ ಬೀಡಿ ಕಟ್ಟಿದವಳು ನಾನು. ಎಲೆಯನ್ನು ಬೆಳಿಗ್ಗೆ ನೆನೆಸುತ್ತಾರೆ ಎಂದು ಅದರಲ್ಲಿತ್ತು. "ಬರೆದವರು ಕೂತು ಕಟ್ಟಿದವರಲ್ಲ. ಮುನ್ನಾದಿನವೇ ಒದ್ದೆ ಮಾಡಿ ಗೋಣಿಯಲ್ಲಿ ಸುತ್ತಿಡ್ಬೇಕು" ಎಂದೆ. ಅದೂ ಅಂಚಿಗೆ ಹೋಯಿತು. ಭುಜ ನೋಯುವುದು, ಕಟ್ಟಿದ್ದನ್ನು ಒಯ್ದು ಕೊಡುವ ಬ್ರಾಂಚಿನಲ್ಲಿ ಸರಿಯಿಲ್ಲವೆಂದು ಬೀಡಿಯನ್ನು ಮುರಿದು ಬಿಸಾಡುವುದು, ಇವೆಲ್ಲ ಪುಸ್ತಕದಲ್ಲಿ ಇದ್ದವು. ನಮ್ಮ ಭುಜನೋವನ್ನು ಯಾರೋ ಅಚ್ಚು ಹಾಕಿಸಿದ್ದಾರೆ ಎಂದು ನನಗೆ ಎಪ್ಪತ್ತನಾಲ್ಕರವರೆಗೆ ಗೊತ್ತಿರಲಿಲ್ಲ.

ಸ್ವಲ್ಪ ಸಮಯ ಎರಡನೇ ಮಾಳಿಗೆಯ ಜುಬೈದ ಕೂಡ ಬರುತ್ತಿದ್ದರು. ಭಟ್ಕಳದವರು, ಮನೆಮಾತು ನವಾಯತಿಯಾದರೂ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಪರದೇಶದ ಗಂಡನಿಗಾಗಿ ಹೆಂಡತಿ ಹಗಲಿಡೀ ಬಾಗಿಲಲ್ಲಿ ಕಾಯುತ್ತಾಳೆ ಎಂದು ಸೇಸಪ್ಪ ಒಂದು ಕಥೆ ಓದಿದರೆ ಅವರಿಗೆ ನಗು. "ಬಾಗಿಲಲ್ಲೇ ನಿಂತ್ರೆ ಅನ್ನ ಬೇಯಿಸೋದು ಯಾರಪ್ಪಾ, ಇದನ್ನ ಬರ್ದವ್ನಾ?" ಆಮೇಲೆ ಅವರ ಮಗ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಅಂಗಡಿ ಮಾಡಿದ, ಅಮ್ಮನನ್ನೂ ಕರೆದುಕೊಂಡು ಹೋದ. ಕೆಳಗೆ ಉಳಿದದ್ದು ನಾವಿಬ್ಬರು.

ಹೋದ ವರ್ಷ ಸೇಸಪ್ಪನಿಗೆ ಅರವತ್ತಾಯಿತು. ಬಿಲ್ಡಿಂಗಿನ ಕೆಲಸವನ್ನು ಹೊಸ ಸೆಕ್ಯುರಿಟಿಯವರಿಗೆ ಕೊಟ್ಟರು. ಅವನ ವೀಸಾ ಮುಂದುವರಿಯುವುದಿಲ್ಲ, ಎರಡು ತಿಂಗಳಲ್ಲಿ ಹೊರಡಬೇಕು ಎಂದು ಹೇಳಿದರು. "ಖಲಾಸ್ ಅಕ್ಕ" ಎಂದ, ನಗುತ್ತಾ. ಮರುದಿನ ಗ್ರಾಸರಿಯಿಂದ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ ತಂದು ಪುಸ್ತಕ ತುಂಬಿಸತೊಡಗಿದ. ಹಡಗಿನ ಕಾರ್ಗೋದಲ್ಲಿ ಮನೆಗೆ ಕಳಿಸುತ್ತಾನಂತೆ.

ಸ್ವರ್ಣ ಕೆಲಸದಿಂದ ಬರುವಾಗ ಅದನ್ನು ನೋಡಿ, ಮೇಲೆ ಬಂದು ನನ್ನ ಹತ್ತಿರ ಹೇಳಿದಳು. "ಅಮ್ಮಾ, ಫೈನಲ್ ಆಗಿ ಊರಿಗೆ ಹೋಗುವಾಗ ಯಾರಾದ್ರೂ ಮನೆಗೆ ಪುಸ್ತಕ ಕಳಿಸ್ತಾರಾ? ಪಾಪ ಅವರ ಹೆಂಡತಿ!"

ಅದು ನನಗೂ ಹೊಳೆದಿತ್ತು. ದುಬೈಯ ಪೆಟ್ಟಿಗೆ ಊರಿಗೆ ಬರುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಗೊತ್ತು. ಅದನ್ನು ಒಬ್ಬರೇ ಬಿಚ್ಚುವ ಕ್ರಮವಿಲ್ಲ. ನೆರೆಯವರು, ನಾದಿನಿಯರು ಬಂದು ಮನೆಯ ಚಾವಡಿಯಲ್ಲಿ ಕೂರುತ್ತಾರೆ. ಒಬ್ಬರಿಗೆ ಸಾಬೂನು, ಒಬ್ಬರಿಗೆ ಅತ್ತರು, ಒಬ್ಬರಿಗೆ ಹಾಲಿನ ಪುಡಿ.

"ಗುಲಾಬಿಗೆ ಹೇಳಿದ್ದೀಯಾ?" ಎಂದು ಕೇಳಿದೆ. ಗುಲಾಬಿ ಅವನ ಹೆಂಡತಿ.

"ಹೇಳ್ತೇನೆ."

"ಯಾವಾಗ?"

ಅವನು ಟೇಪು ಹಚ್ಚುತ್ತಿದ್ದ ಕೈ ನಿಲ್ಲಿಸಿದ. "ಹೇಗೆ ಹೇಳುದು ಅಕ್ಕ? ನಾನು ಓದ್ತೇನೆ ಅಂತ್ಲೇ ಅವಳಿಗೆ ಗೊತ್ತಿಲ್ಲ. ಇಪ್ಪತ್ತೇಳು ವರ್ಷದಿಂದ ಫೋನಲ್ಲಿ ಊಟ ಆಯ್ತಾ, ಸೆಕೆ ಉಂಟಾ, ಇಷ್ಟೇ. ರಜೆಯಲ್ಲಿ ಹೋದ್ರೆ ಹೆಂಚು ರಿಪೇರಿ, ಮದುವೆ ಮನೆ. ಅವಳಿಗೆ ಗೊತ್ತಿರುವ ಸೇಸಪ್ಪನೇ ಬೇರೆ. ಇವನ್ನು ದನದ ಹಟ್ಟಿಗೆ ಹಾಕು ಅಂತ ಅವಳು ಹೇಳಿದ್ರೆ, ಮತ್ತೆ ನಾನು ಆ ಮನೆಯಲ್ಲಿ ಕೂತು ಎಂತ ಮಾಡುದು?"

ಮೂರು ಪೆಟ್ಟಿಗೆ ಹೋದವು. ಅವನು ಹೇಳಲೇ ಇಲ್ಲ.

ಅವನು ಹೊರಡುವ ಮೊದಲೇ ಪೆಟ್ಟಿಗೆಗಳು ಮನೆ ತಲುಪಿದವು. ನಾಲ್ಕು ಗಂಟೆಗೆ ನಾನು ಕೆಳಗೆ ಬಂದಾಗ ಅವನ ಫೋನಿನ ಬೋಟಿಮ್‌ನಲ್ಲಿ ಗುಲಾಬಿಯ ವೀಡಿಯೊ ಕಾಲ್ ಬಂದಿತ್ತು. ಚಾವಡಿ ತುಂಬ ಹೆಂಗಸರು. ಯಾರೋ ಕತ್ತಿಯಿಂದ ಟೇಪು ಕೊಯ್ದರು. ಮೇಲೆ ಪುಸ್ತಕ.

"ಸಾಬೂನು ಅಡಿಯಲ್ಲಿ ಇಟ್ಟಿರ್ಬೇಕು, ಹುಡುಕು" ಎಂದಳು ಒಬ್ಬಳು.

ಅಡಿಯಲ್ಲಿಯೂ ಪುಸ್ತಕ. ಎರಡನೆಯದರಲ್ಲಿಯೂ, ಮೂರನೆಯದರಲ್ಲಿಯೂ. ಹಳೆಯ ಪುಸ್ತಕ, ರಟ್ಟು ಹರಿದದ್ದು.

"ಗುಲಾಬೀ, ನಿನ್ನ ಗಂಡ ದುಬಾಯಲ್ಲಿ ಮಾಷ್ಟ್ರಾ? ನೀನು ಹೇಳ್ಲೇ ಇಲ್ಲ!" ಎಂದಳು ಒಬ್ಬಳು ಮುದುಕಿ. ಎಲ್ಲರೂ ನಕ್ಕರು. ಸೇಸಪ್ಪ "ಗುಲಾಬಿ, ಅದು..." ಎಂದ. ಫೋನಿನಲ್ಲಿ ಮಾಡಿನ ಹೆಂಚು ಮಾತ್ರ ಕಂಡಿತು. ಆಮೇಲೆ ಅದೂ ಹೋಯಿತು.

ಹನ್ನೊಂದು ದಿನ ಅವಳು ಫೋನ್ ಎತ್ತಲಿಲ್ಲ. ಸೇಸಪ್ಪ ಪಂಪು ನೋಡಿದ, ಮೆಟ್ಟಿಲು ಒರೆಸಿದ, ಮೇಜಿನ ಹಿಂದೆ ಕೈ ಕಟ್ಟಿ ಕೂತ. ಓದಲು ಏನೂ ಉಳಿದಿರಲಿಲ್ಲ. ನಾನು ಆದರೂ ದಿನಾ ಇಳಿದು ಎದುರು ಕೂರುತ್ತಿದ್ದೆ. ಇಬ್ಬರೂ ಗಾಜಿನ ಬಾಗಿಲ ಆಚೆ ಶಾರ್ಜಾ ಕಡೆಗೆ ಸಾಲುಗಟ್ಟಿ ನಿಂತ ಕಾರುಗಳನ್ನು ನೋಡುತ್ತಿದ್ದೆವು.

ಹನ್ನೆರಡನೇ ದಿನ ಫೋನ್ ಬಂತು. ಅವನು ಗಾಬರಿಯಲ್ಲಿ ಸ್ಪೀಕರ್ ಒತ್ತಿದ.

"ವಾರಿಜಕ್ಕ ಯಾರು?" ಗುಲಾಬಿಯ ಮೊದಲ ಮಾತು. "ಪುಸ್ತಕದಲ್ಲಿಡೀ ವಾರಿಜಕ್ಕ, ವಾರಿಜಕ್ಕ! ಇಷ್ಟು ವರ್ಷ ಅಲ್ಲಿ ಎಂತ ಮಾಡ್ತಿದ್ರಿ ನೀವು?"

ನಾನೇ ಫೋನ್ ತೆಗೆದುಕೊಂಡೆ. "ನಾನೇ ವಾರಿಜಕ್ಕ ಮಾರಾಯ್ತಿ. ಎಪ್ಪತ್ತನಾಲ್ಕು ವರ್ಷ. ಬಾಯಲ್ಲಿ ಆರು ಹಲ್ಲು ಉಂಟು."

ಆಚೆಯಿಂದ ಒಂದು ನಗು. ನಗು ನಿಂತ ಮೇಲೆ ಗುಲಾಬಿ ಸ್ವರ ಬದಲಿಸಿದಳು.

"ಅಕ್ಕ, ಎಲೆ ಮುನ್ನಾದಿನವೇ ಒದ್ದೆ ಮಾಡ್ಬೇಕು ಅಂತ ನೀವು ಹೇಳಿದ್ದು ತಪ್ಪು. ಮಳೆಗಾಲದಲ್ಲಿ ಹಾಗೆ ಮಾಡಿದ್ರೆ ಬೂಸ್ಟು ಬರ್ತದೆ. ನಾನು ಈಗ್ಲೂ ಕಟ್ಟುವವಳು."

"ಮಳೆಗಾಲಕ್ಕೆ ಬೇರೆಯೇ" ಎಂದು ಒಪ್ಪಿಕೊಂಡೆ.

"ಇವರಿಗೆ ಹೇಳಿ, ಅದನ್ನೂ ಬರೀಬೇಕು ಅಂತ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುದು. ಹನ್ನೊಂದು ದಿನದಲ್ಲಿ ನಾಲ್ಕು ಪುಟ ಆಯ್ತು. ಬಂದು ಅವರೇ ಓದ್ಲಿ. ಪುಸ್ತಕ ಒಳಗೆ ಅಕ್ಕಿಯ ಕೋಣೆಯಲ್ಲಿ ಇಟ್ಟಿದ್ದೇನೆ. ಇಲಿ ಬರುದಿಲ್ಲ ಅಲ್ಲಿ."

ಸೇಸಪ್ಪ ಮುಖ ತಿರುಗಿಸಿ ಮೇಜಿನ ಮೇಲಿನ ಧೂಳು ಒರೆಸಿದ. ಅಲ್ಲಿ ಧೂಳು ಇರಲಿಲ್ಲ.

ನನಗೆ ಸಂತೋಷವಾಯಿತು. ಮೇಲೆ ಹೋಗಿ ಒಬ್ಬಳೇ ಕೂತ ಮೇಲೆ ಹೊಟ್ಟೆಕಿಚ್ಚೂ ಆಯಿತು. ಸುಳ್ಳು ಹೇಳಲಾರೆ.

ಮುಂದಿನ ಶುಕ್ರವಾರ ಅವನು ಹೊರಟ. ಕಾಲು ಮುಟ್ಟಲು ಬಗ್ಗಿದ. "ಏಳು, ಟ್ಯಾಕ್ಸಿ ಕಾಯ್ತದೆ" ಎಂದೆ. ಈಗ ಮೇಜಿನ ಹಿಂದೆ ಯೂನಿಫಾರ್ಮಿನ ಸೆಕ್ಯುರಿಟಿ. ನಾನು ಹೋಗಿ ಕೂತರೆ "ಮೇಡಂ, ಫ್ಲ್ಯಾಟ್ ನಂಬರ್?" ಎಂದು ಕೇಳುತ್ತಾನೆ. ಮೂರು ದಿನ ಕೇಳಿದ. ನಾಲ್ಕನೇ ದಿನ ನಾನು ಇಳಿಯಲಿಲ್ಲ.

ಎರಡು ತಿಂಗಳಾದ ಮೇಲೆ ಯಶ್ಮಿತಾಳ ಹತ್ತಿರ ಹೇಳಿ ಕಾರ್ಕಳಕ್ಕೆ ಫೋನ್ ಹಚ್ಚಿಸಿದೆ. ಇಲ್ಲಿ ನಾಲ್ಕು, ಅಲ್ಲಿ ಐದೂವರೆ. ಎತ್ತಿದ್ದು ಗುಲಾಬಿ. ಅವಳು ಮಾತಾಡುವ ಮೊದಲೇ ಹಿಂದಿನಿಂದ ಅವನ ಸ್ವರ ಕೇಳಿತು. ಸಾಲಿನ ಕೊನೆಗೆ ಬರುವಾಗ ಸ್ವಲ್ಪ ಎಳೆಯುವ ಅದೇ ಸ್ವರ. ನಡುವೆ ಯಾರೋ ಹೆಂಗಸು "ಹಾಗಲ್ಲ, ಹಾಗಲ್ಲ" ಎಂದಳು. ಇನ್ನೊಬ್ಬಳು "ಸುಮ್ಮನಿರು, ಕೇಳುವಾ" ಎಂದಳು.

"ಅಕ್ಕ, ಈಗ ಓದ್ತಾ ಇದ್ದಾರೆ" ಎಂದಳು ಗುಲಾಬಿ ಪಿಸುದನಿಯಲ್ಲಿ, ಅವಸರದಲ್ಲಿ. "ಆಮೇಲೆ ಮಾಡ್ತೇನೆ, ಆಗ್ದಾ?"

"ಆಯ್ತು ಮಗಾ, ನೀನು ಕೇಳು" ಎಂದೆ.

ಅವಳು ಫೋನನ್ನು ಕಟ್ ಮಾಡಲು ಮರೆತಿದ್ದಳು. ಯಶ್ಮಿತಾ ಕೈ ಚಾಚಿ "ಅಜ್ಜಿ, ಆಯ್ತಾ?" ಎಂದಳು. ಇಲ್ಲ ಎಂದು ಕೈ ಅಡ್ಡ ಹಿಡಿದೆ. ಯಾವ ಪುಸ್ತಕವೋ ಗೊತ್ತಾಗಲಿಲ್ಲ, ಶಬ್ದಗಳೂ ತಿಳಿಯುತ್ತಿರಲಿಲ್ಲ. ಅದು ತಾನಾಗಿ ಕಟ್ಟಾಗುವವರೆಗೆ ಕಿವಿಗೆ ಹಿಡಿದುಕೊಂಡೇ ಕೂತೆ.